ಕೊಲೆಗಾರನನ್ನು ಬದಲಿಸಬೇಡ

ದಾವಣಗೆರೆ

ಪ್ರೀತಿಯ ತಮ್ಮಾ,

ನಿನ್ನ ಆರನೆಯ ಪತ್ತೇದಾರಿ ಪುಸ್ತಕ ಬಂತು. ಜೊತೆಗೆ ಆ ಅಳುಮೋರೆಯ ಪತ್ರವೂ ಬಂತು. ಪುಸ್ತಕ ರಾತ್ರಿ ಎರಡರವರೆಗೆ ಕೂರಿಸಿ ಓದಿಸಿತು. ಪತ್ರ ಓದಿ ಸಿಟ್ಟು ಬಂತು.

ಹೆಡ್ ಕಾನ್‌ಸ್ಟೇಬಲನ್ನ ಯಾಕೆ ಸಾಯಿಸಿದಿರಿ ಅಂತ ಓದುಗರು ಬೈದರಂತೆ. ಐದು ಪುಸ್ತಕದಲ್ಲಿ ಅವನಿಗೆ ಬೀಡಿ, ಕೆಮ್ಮು, ಹಳೇ ಸ್ಕೂಟರು ಎಲ್ಲ ಕೊಟ್ಟು ಸಾಕಿದವನು ನೀನೇ ಅಲ್ವಾ? ಮನೆಯವರೇ ಹೋದ ಹಾಗೆ ಜನ ಅತ್ತರೆ ಅದನ್ನ ಬೈಗುಳ ಅಂತೀಯಲ್ಲ! ಏಳನೆಯದರಲ್ಲಿ ಬದುಕಿಸಲಾ ಅಂತ ಬೇರೆ ಕೇಳಿದ್ದೀಯ. ಕಾನನ್ ಡಾಯ್ಲ್ 1893ರಲ್ಲಿ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸನ್ನ ಜಲಪಾತಕ್ಕೆ ಬೀಳಿಸಿದ. ಎಷ್ಟೋ ಓದುಗರು ಆ ಕಥೆ ಬರುತ್ತಿದ್ದ ಪತ್ರಿಕೆ ತರಿಸುವುದನ್ನೇ ಬಿಟ್ಟರು. ಹತ್ತು ವರ್ಷದ ಮೇಲೆ, 1903ರಲ್ಲಿ, ಅವನನ್ನ ಜೀವಂತ ಕರೆತಂದ. ಆದರೆ ಅಲ್ಲಿ ಹೆಣ ಸಿಕ್ಕಿರಲಿಲ್ಲ. ನೀನು ಪೋಸ್ಟ್ ಮಾರ್ಟಂ ಕೂಡ ಮಾಡಿಸಿದ್ದೀಯ, ಮಾರಾಯ.

ಅದು ಹೋಗಲಿ. ನನಗೆ ಚುಚ್ಚಿದ್ದು ಇನ್ನೊಂದು ಮಾತು. ಕಂಪೌಂಡರೇ ಕೊಲೆಗಾರ ಅಂತ ಯಾರೋ ಒಬ್ಬರು ಅರ್ಧಕ್ಕೇ ಹೇಳಿಬಿಟ್ಟರಂತೆ. ಇನ್ನು ಮುಂದೆ ಯಾರಾದರೂ ಊಹಿಸಿದರೆ ಅಲ್ಲೇ ಕೊಲೆಗಾರನನ್ನು ಬದಲಿಸ್ತೀನಿ ಅಂತ ಬರೆದಿದ್ದೀಯ.

ನಾನು ಹಾಗೆ ಮಾಡಿದವನು. 1988ರಲ್ಲಿ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೀತಿದ್ದೆ. ಹತ್ತಿ ಅಡತಿ ಅಂಗಡಿಯಲ್ಲಿ ಕೊಲೆ. ಮಾಡಿದವನು ಗುಮಾಸ್ತ. ಏಳನೇ ಕಂತಿಗೇ ಚಿತ್ರದುರ್ಗದಿಂದ 15 ಪೈಸೆಯ ಕಾರ್ಡು ಬಂತು: 'ಗುಮಾಸ್ತ ಅಲ್ವಾ ಸ್ವಾಮಿ?' ನನಗೆ ಅವಮಾನ ಆದ ಹಾಗಾಯಿತು. ಸಂಪಾದಕರೂ ಬದಲಿಸಿ ಅಂದರು. ಸಾಹುಕಾರನ ಭಾವಮೈದನನ್ನು ಜೈಲಿಗೆ ಕಳಿಸಿದೆ. 'ಏನ್ ಏಮಾರಿಸಿದಿರಿ ಸಾರ್!' ಅಂತ ಚೀಲಗಟ್ಟಲೆ ಪತ್ರ. ಹೊಟ್ಟೆ ತುಂಬಿದ ಹಾಗೆ ಓಡಾಡಿದೆ.

ಆಮೇಲೆ ಒಂದು ಭಾನುವಾರ ಆ ಕಾರ್ಡಿನವರೇ ಬಸ್ಸು ಹತ್ತಿ ಮನೆಗೆ ಬಂದರು. ಅಷ್ಟೂ ಕಂತು ಕತ್ತರಿಸಿ ದಾರದಲ್ಲಿ ಹೊಲಿದಿದ್ದರು. ರೋಕಡಿ ಪುಸ್ತಕದ ತಿದ್ದುಪಡಿ, ಅಂಗಿಯ ಮಸಿ, ಕಳೆದುಹೋದ ಬೀಗದ ಕೈ, ಎಲ್ಲಕ್ಕೂ ಕೆಂಪು ಗೆರೆ. 'ಈ ಬೀಗದ ಕೈ ಕೊನೆಗೆ ಏನಾಯ್ತು ಸ್ವಾಮಿ?' ಅಂದರು. ಜಗಳದ ದನಿಯಲ್ಲ. ನಿಜವಾಗಲೂ ಗೊತ್ತಾಗಬೇಕಿತ್ತು ಅವರಿಗೆ. ನಾನು ಬೆಣ್ಣೆದೋಸೆ ತಿನ್ನಿಸಿ ಮಾತು ತಿರುಗಿಸಿದೆ. ಅವರು ದೋಸೆ ತಿಂದು, ಕಂತೆ ಮಡಚಿಕೊಂಡು ಹೋದರು. ಮತ್ತೆ ಕಾರ್ಡು ಬರಲಿಲ್ಲ. ಸಾಲು ಸಾಲಾಗಿ ಓದಿದವರು ಅವರೊಬ್ಬರೇ. ನಾನು ಏಮಾರಿಸಿದ್ದು ಅವರನ್ನೇ.

ಊಹಿಸಿದರೆ ಕುತೂಹಲ ಸತ್ತೇ ಹೋಯಿತು ಅಂತ ನಿನಗೆ ಯಾರು ಹೇಳಿದರು? ಓಬವ್ವನ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆದರೂ ದುರ್ಗದ ಕೋಟೆಗೆ ಹೋದವರೆಲ್ಲ ಆ ಕಿಂಡಿಯ ಮುಂದೆ ಬಗ್ಗಿ ನೋಡುತ್ತಾರೆ. ಗಂಡ ಊಟಕ್ಕೆ ಕೂತಿದ್ದಾನೆ. ನೀರಿಗೆ ಬಂದವಳಿಗೆ ಕಿಂಡಿಯಲ್ಲಿ ಹೈದರಾಲಿ ಕಡೆಯವನ ತಲೆ ಕಾಣುತ್ತದೆ. ಒನಕೆ ಏಳುವುದು ಗೊತ್ತಿದ್ದೂ ಮೈ ಜುಮ್ ಅನ್ನುತ್ತದಲ್ಲ.

ಮುಖಪುಟ, ಪ್ರಕಾಶಕರ ದುಡ್ಡು ಅಂತ ಏನೇನೋ ಕೇಳಿದ್ದೀಯ. ಅದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ಬರುವ ಭಾನುವಾರ ಮನೆಗೆ ಬಾ. ಕಂಪೌಂಡರನ್ನ ಹಿಡಿದರಲ್ಲ, ಅವರ ಪತ್ರ ಮರೆಯದೆ ತಾ. ಯಾವ ಪುಟದಲ್ಲಿ ಅವರಿಗೆ ಅನುಮಾನ ಬಂತು ಅಂತ ನಾನು ನೋಡಬೇಕು.

ನಿನ್ನ
ಮೇಷ್ಟ್ರು