ಯಾರ ಕರ್ತವ್ಯವನ್ನು ಯಾರು ಹೇಳಬೇಕು?

ಪ್ರೀತಿಯ ಗೆಳೆಯಾ,

"ಈಗ ಎಲ್ಲರೂ ಹಕ್ಕು ಹಕ್ಕು ಅಂತಾರೆ, ಕರ್ತವ್ಯದ ಮಾತು ಯಾರೂ ಎತ್ತಲ್ಲ" ಎಂದು ಬರೆದಿದ್ದೀಯಲ್ಲ, ಆ ಸಾಲು ತಲೆಯಲ್ಲೇ ಕೂತಿದೆ. ಗಾಂಧೀಜಿಯನ್ನೂ ನೆನಪಿಸಿದ್ದೀಯ. 1947ರಲ್ಲಿ ಯುನೆಸ್ಕೋದ ಮುಖ್ಯಸ್ಥ ಜೂಲಿಯನ್ ಹಕ್ಸ್‌ಲಿಗೆ ಬರೆದ ಪತ್ರದಲ್ಲಿ ಅವರು, ಹಕ್ಕು ಹುಟ್ಟುವುದೇ ಕರ್ತವ್ಯವನ್ನು ಚೆನ್ನಾಗಿ ಮಾಡುವುದರಿಂದ, ಇದನ್ನು ಓದುಬರಹ ತಿಳಿಯದ ನನ್ನ ತಾಯಿಯಿಂದ ಕಲಿತೆ ಎಂದಿದ್ದರು. ಆ ಪತ್ರ ನನಗೂ ಇಷ್ಟ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಆರು ವರ್ಷದ ಮಗು ಯಾವ ಕರ್ತವ್ಯ ಮಾಡಿ ಶಾಲೆಗೆ ಹೋಗುವ ಹಕ್ಕು ಗಳಿಸಬೇಕು?

ಶಾಲೆಯ ಕಥೆಯನ್ನೇ ನೋಡು. ಹತ್ತು ವರ್ಷದೊಳಗೆ, ಹದಿನಾಲ್ಕು ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಎಂದು 1950ರ ಸಂವಿಧಾನದ 45ನೇ ವಿಧಿ ಹೇಳಿತ್ತು. ಅದು ಸರ್ಕಾರದ ಕರ್ತವ್ಯ. ಮಾಡದಿದ್ದರೆ ಕೋರ್ಟಿಗೆ ಎಳೆಯುವಂತಿರಲಿಲ್ಲ. 1960 ಬಂತು, ಹೋಯಿತು. ಎಷ್ಟೋ ಮಕ್ಕಳು ದನ ಕಾಯುತ್ತಾ, ತಮ್ಮ-ತಂಗಿಯರನ್ನು ಎತ್ತಿ ಆಡಿಸುತ್ತಲೇ ದೊಡ್ಡವರಾದರು. ಕರ್ತವ್ಯವಿತ್ತು, ಕೇಳುವವರಿಗೆ ಹಿಡಿತವಿರಲಿಲ್ಲ.

ಇದು ಬದಲಾದದ್ದರಲ್ಲಿ ನಮ್ಮ ತುಮಕೂರಿಗೂ ಪಾಲಿದೆ. ಅಲ್ಲಿನ ಖಾಸಗಿ ಮೆಡಿಕಲ್ ಕಾಲೇಜಿನ ಶುಲ್ಕ ಕಟ್ಟಲಾಗದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮೋಹಿನಿ ಜೈನ್ ಪ್ರಕರಣ. ಕಲಿಯುವ ಹಕ್ಕು ಬದುಕುವ ಹಕ್ಕಿನೊಳಗೇ ಇದೆ ಎಂದು 1992ರಲ್ಲಿ ಕೋರ್ಟು ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು ಹದಿನಾಲ್ಕು ವರ್ಷದವರೆಗೆ ಎಂದು ಮಿತಿಗೊಳಿಸಿತು. 2002ರಲ್ಲಿ 86ನೇ ತಿದ್ದುಪಡಿಯಿಂದ ಆ ಹಕ್ಕು ಸಂವಿಧಾನದಲ್ಲೇ ಸೇರಿತು, 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು.

ನಿನಗೆ ಖುಷಿ ಕೊಡುವ ವಿಷಯವೂ ಅಲ್ಲೇ ಇದೆ. ಮಗುವಿಗೆ ಹಕ್ಕು ಕೊಟ್ಟ ಆ 86ನೇ ತಿದ್ದುಪಡಿಯೇ, ಮಗುವಿಗೆ ಕಲಿಯುವ ಅವಕಾಶ ಕೊಡುವುದು ಹೆತ್ತವರ ಮೂಲಭೂತ ಕರ್ತವ್ಯ ಎಂದೂ ಸೇರಿಸಿತು. ಅದು ಹನ್ನೊಂದನೆಯದು. ಮೊದಲ ಹತ್ತು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಜನರನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕುತ್ತಿದ್ದ ಸರ್ಕಾರವೇ ಆಗ ಜನರಿಗೆ ಕರ್ತವ್ಯದ ಪಟ್ಟಿ ಕೊಟ್ಟಿತು. ಪಟ್ಟಿಯಲ್ಲಿ ಒಳ್ಳೆಯ ಮಾತುಗಳೇ ಇವೆ: ಕಾಡು, ಕೆರೆ ಕಾಪಾಡುವುದು, ಹೆಣ್ಣಿನ ಗೌರವ ಕುಂದಿಸುವ ಆಚರಣೆಗಳನ್ನು ಬಿಡುವುದು. ಆದರೂ ಅದು ಬಂದ ಹೊತ್ತು ನನ್ನನ್ನು ಕಾಡುತ್ತದೆ.

ಇನ್ನೂ ಹಿಂದೆ ಹೋದರೆ ಭಯವೇ ಆಗುತ್ತದೆ. ನಮ್ಮಲ್ಲಿ ಹುಟ್ಟಿನ ಜೊತೆಗೇ ಕರ್ತವ್ಯ ಅಂಟಿಕೊಳ್ಳುತ್ತಿತ್ತು, ಅಲ್ವಾ? ಮಲ ಹೊರುವುದೂ ಒಬ್ಬರ 'ಕರ್ತವ್ಯ'ವಾಗಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಗೆ ನಡೆದು ನೀರು ಕುಡಿದರು. ಕೆರೆ ಎಲ್ಲರಿಗೂ ಮುಕ್ತ ಎಂದು ಅಲ್ಲಿನ ಪುರಸಭೆ ಅದಕ್ಕೂ ಮೊದಲೇ ಹೇಳಿತ್ತು. ಊರಿನ ಮೇಲ್ಜಾತಿಯವರು ದಲಿತರನ್ನು ಬಿಟ್ಟಿರಲಿಲ್ಲ. ಅವರೆಲ್ಲ ಕರ್ತವ್ಯ ಅರಿತು ಬದಲಾಗುವವರೆಗೆ ಬಾಯಾರಿದವರು ಕಾಯಬೇಕಿತ್ತೇ?

ಹಾಗಂತ ನೀನು ಹೇಳಿದ್ದನ್ನು ತಳ್ಳಿಹಾಕುತ್ತಿಲ್ಲ. ಹಕ್ಕು ಕೇಳಿ ಕಟ್ಟಡ ತರಿಸಬಹುದು, ಬಿಸಿಯೂಟ ತರಿಸಬಹುದು. ಅಕ್ಷರ ಕೂಡಿಸಲು ಒದ್ದಾಡುವ ಮಗುವಿನ ಪಕ್ಕ ಇನ್ನೊಂದು ಗಳಿಗೆ ಕೂರುವ ಮೇಷ್ಟ್ರನ್ನು ಯಾವ ಕೋರ್ಟೂ ಕೊಡಲಾರದು. ಅದು ಒಳಗಿನಿಂದಲೇ ಬರಬೇಕು. ಗಾಂಧೀಜಿ ದೊಡ್ಡವರಾಗಿ ಕಾಣುವುದೂ ಇಲ್ಲೇ. ಅವರು ಆಶ್ರಮದ ಪಾಯಿಖಾನೆಯನ್ನು ತಾವೇ ತೊಳೆದರು. ಕರ್ತವ್ಯವನ್ನು ಮೊದಲು ತಮ್ಮ ಮೇಲೆ ಹಾಕಿಕೊಂಡರು. ಕೈಯಲ್ಲಿ ಅಧಿಕಾರ, ದುಡ್ಡು, ಜಾತಿಯ ಬಲ ಇದ್ದವರು ಆ ಮಾತನ್ನು ಇಲ್ಲದವರಿಗೆ ಬೋಧಿಸಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ನಿಮ್ಮೂರ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿ, ಇರುತ್ತದಲ್ಲ. ಅಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ ಕಾಯ್ದೆ. ಶಾಲೆಗೆ ಬಂದ ಹಣ ಹೇಗೆ ಖರ್ಚಾಯಿತು ಎಂದು ನೋಡುವುದೂ ಅವರ ಕೆಲಸ. ಅಲ್ಲಿ ಕೂಲಿಗೆ ಹೋಗುವ ತಾಯಂದಿರು ಬಾಯಿಬಿಟ್ಟು ಲೆಕ್ಕ ಕೇಳುತ್ತಾರಾ? ಕೇಳಿದರೆ ಯಾರಾದರೂ ಉತ್ತರ ಕೊಡುತ್ತಾರಾ? ಮುಂದಿನ ಸಭೆಗೆ ಹೋಗಿ ನೋಡಿ ನನಗೆ ಬರೆ.

ನಿನ್ನ ಗೆಳೆಯ