ಹೆಂಚಿನ ತೂತೇ ನನ್ನ ಮೊದಲ ಕ್ಯಾಮೆರಾ

ಮಾನ್ಯ ಸಂಪಾದಕರೇ,

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಬಂತು ಅಂದರೆ ಸಾಕು, ಎಲ್ಲ ಕಡೆ ಹೊಸ ಕ್ಯಾಮೆರಾ, ಹೊಸ ಲೆನ್ಸ್‌ಗಳದ್ದೇ ಮಾತು. ನಾನು ಮೈಸೂರಿನಲ್ಲಿ ಫೋಟೊಗ್ರಫಿ ಓದುತ್ತಿದ್ದೇನೆ. ಸಿಕ್ಕವರೆಲ್ಲ ಮೊದಲು ಕೇಳೋದು, ‘ಯಾವ ಕ್ಯಾಮೆರಾ, ಎಷ್ಟಾಯ್ತು?’ ಅಂತ. ದುಡ್ಡು ಹಾಕಿ ಕ್ಯಾಮೆರಾ ಕೊಡಿಸಿದರೇ ಮಕ್ಕಳು ಫೋಟೊ ಕಲಿಯೋದು ಅನ್ನುವ ನಂಬಿಕೆ ತುಂಬ ಮನೆಗಳಲ್ಲಿದೆ. ಅದು ಹಾಗಲ್ಲ ಅಂತ ಹೇಳಲಿಕ್ಕೇ ಈ ಪತ್ರ.

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ ಇತ್ತಲ್ವಾ, ಕೊಡಗಿನ ಕುಟ್ಟದ ಕಡೆ ಬಳೆಯ ಹಾಗೆ ಕಂಡಿದ್ದು. ನಾನಾಗ ಒಂಬತ್ತನೇ ಕ್ಲಾಸು, ಹುಣಸೂರು ಕಡೆಯ ಅಜ್ಜಿ ಮನೆಯಲ್ಲಿದ್ದೆ. ‘ಒಳಗೆ ಬಾ ಮಗ, ಗ್ರಹಣ’ ಅಂತ ಅಜ್ಜಿ ಬಾಗಿಲು, ಕಿಟಕಿ ಎಲ್ಲ ಹಾಕಿಬಿಟ್ಟರು. ಆಮೇಲೆ ನೋಡಿದರೆ ಒಡೆದ ಹೆಂಚಿನ ತೂತಿನಿಂದ ಕೆಂಪು ಗಾರೆ ನೆಲದ ಮೇಲೆ ದಿನಾ ಬೀಳುತ್ತಿದ್ದ ದುಂಡನೆಯ ಬೆಳಕು ಅವತ್ತು ಕುಡುಗೋಲಿನ ಹಾಗೆ ಬಾಗಿತ್ತು. ತೂತು ಅದೇ, ಆಕಾರ ಮಾತ್ರ ಬೇರೆ. ಅಂದರೆ ದಿನಾ ಬೀಳುತ್ತಿದ್ದದ್ದು ತೂತಿನ ಆಕಾರ ಅಲ್ಲ, ಸೂರ್ಯನ ಚಿತ್ರ! ‘ಸೂಜಿರಂಧ್ರ ಬಿಂಬಗ್ರಾಹಿ’, ಅಂದರೆ ಲೆನ್ಸ್ ಇಲ್ಲದೆ ಸಣ್ಣ ತೂತಿನಿಂದಲೇ ಚಿತ್ರ ಬೀಳಿಸುವ ಕತ್ತಲೆ ಪೆಟ್ಟಿಗೆ (ಪಿನ್‌ಹೋಲ್ ಕ್ಯಾಮೆರಾ) ಅಂತ ಪಾಠದಲ್ಲಿ ಓದಿದ್ದೆ, ಪರೀಕ್ಷೆಗೆ ಚಿತ್ರವನ್ನೂ ಬರೆದಿದ್ದೆ. ಅದರೊಳಗೇ ಕೂತಿದ್ದೇನೆ ಅಂತ ಗೊತ್ತಾಗಿದ್ದು ಮಾತ್ರ ಅವತ್ತು.

ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರು ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳೋದನ್ನು ನೋಡಿರುತ್ತೀರಿ. ಸುಮಾರು 50 ಮೀಟರ್ ಎತ್ತರದ ಗೋಪುರ ಒಂದು ಸಣ್ಣ ಕಿಂಡಿಯಿಂದ ಒಳಗೆ ಬಂದು ಗೋಡೆ ಮೇಲೆ ನಿಲ್ಲುತ್ತದೆ. ಬೆಳಕು ನೇರ ಗೆರೆಯಲ್ಲಿ ಬರುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗುತ್ತದೆ, ಅಷ್ಟೇ. ಮೊದಲ ವರ್ಷ ಅಲ್ಲಿಗೆ ಹೋಗಿದ್ದಾಗ ನಾನು ಆ ಗೋಡೆ ಬಿಟ್ಟು ಕದಲಲಿಲ್ಲ.

ವಾಪಸ್ ಬಂದು ನನ್ನ ರೂಮಿನ ಕಿಟಕಿಗೆ ಕಪ್ಪು ಚಾರ್ಟು, ಹಳೇ ಪೇಪರು ಅಂಟಿಸಿದೆ. ಎರಡು ರೂಪಾಯಿ ನಾಣ್ಯದಷ್ಟು ತೂತು ಮಾಡಿದರೆ ಎದುರು ಗೋಡೆ ಮೇಲೆ ಬೆಳಕೇನೋ ಚೆನ್ನಾಗಿ ಬಿತ್ತು, ಆದರೆ ಎಲ್ಲ ಮಸುಕು. ಪೆನ್ಸಿಲ್ ತೂರುವಷ್ಟಕ್ಕೆ ಇಳಿಸಿದೆ. ಮೊದಲು ಏನೂ ಕಾಣಲಿಲ್ಲ. ಹತ್ತು ನಿಮಿಷ ಕತ್ತಲಲ್ಲಿ ಸುಮ್ನೆ ಕೂತ ಮೇಲೆ ನಿಧಾನಕ್ಕೆ ಎದುರು ಮನೆ ಬಂತು, ತಲೆಕೆಳಗಾದ ತೆಂಗಿನಮರ ಬಂತು, ತಂತಿ ಮೇಲೆ ಒಣಗಲು ಹಾಕಿದ್ದ ಹಸಿರು ಸೀರೆ ಅದೇ ಬಣ್ಣದಲ್ಲಿ ಗಾಳಿಗೆ ಅಲುಗಾಡುತ್ತಿತ್ತು. ತೂತು ದೊಡ್ಡದಾದರೆ ಬೆಳಕು ಜಾಸ್ತಿ, ಚಿತ್ರ ಮಸುಕು; ಸಣ್ಣದಾದರೆ ಚಿತ್ರ ಸ್ಪಷ್ಟ, ಬೆಳಕು ಕಡಿಮೆ. ಕ್ಲಾಸಿನಲ್ಲಿ ಅಪರ್ಚರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ತೂತಿನ ಬಗ್ಗೆ ಎಷ್ಟು ಸಲ ಕೇಳಿದರೂ ತಲೆಗೆ ಹೋಗದ ಲೆಕ್ಕ ಅವತ್ತು ಕಣ್ಣಿಗೇ ಕಂಡಿತು.

ಆಮೇಲೆ ಹಾಲಿನ ಪುಡಿ ಡಬ್ಬಿ ಹಿಡಿದೆ. ಒಳಗೆಲ್ಲ ಕಪ್ಪು ಬಣ್ಣ ಬಳಿದು, ಕೂಲ್‌ಡ್ರಿಂಕ್ಸ್ ಡಬ್ಬಿಯ ತಗಡಿಗೆ ಸೂಜಿ ಮೊನೆಯಿಂದ 0.4 ಮಿಲಿಮೀಟರ್ ತೂತು ಮಾಡಿ, ಮರಳು ಕಾಗದದಲ್ಲಿ ಉಜ್ಜಿ ಅಂಟಿಸಿದೆ. ಒಳಗೆ ಬೆಳಕು ಬಿದ್ದ ಕಡೆ ಕಪ್ಪಾಗುವ ಫೋಟೊ ಪೇಪರ್ ಇಟ್ಟೆ. ಮೊದಲನೇದು ಪೂರ್ತಿ ಕಪ್ಪಾಯಿತು, ಮುಚ್ಚಳದ ಸಂದಿಯಲ್ಲಿ ಬೆಳಕು ನುಗ್ಗಿತ್ತು. ಎರಡನೇದಕ್ಕೆ ಲೆಕ್ಕದ ಪ್ರಕಾರ ನಲವತ್ತು ಸೆಕೆಂಡು ಬೆಳಕು ಕೊಟ್ಟೆ, ಬರೀ ತೆಳುವಾಗಿ ಬಂತು. ಮೂರನೇದಕ್ಕೆ ಚೆನ್ನಾದ ಬಿಸಿಲಿನಲ್ಲಿ ಒಂದೂವರೆ ನಿಮಿಷ. ಕೆಂಪು ದೀಪದ ಕೆಳಗೆ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಟ್ರೇನಲ್ಲಿ ಬಿಳಿ ಪೇಪರಿನ ಮೇಲೆ ನಮ್ಮ ಬೀದಿ ಎದ್ದು ಬಂದಾಗ ಕೈ ನಡುಗುತ್ತಿತ್ತು, ಈಗಲೂ ನೆನಪಿದೆ. ಅಷ್ಟು ಹೊತ್ತಿನಲ್ಲಿ ಓಡಾಡಿದ ಆಟೊ, ಸ್ಕೂಟರ್, ಹಸು ಒಂದೂ ಇಲ್ಲ, ಒಂದು ಕಡೆ ನಿಲ್ಲದೆ ಚಲಿಸಿದ್ದು ಪೇಪರಿನ ಮೇಲೆ ಮೂಡಲಿಲ್ಲ. ಮೂಲೆಯಲ್ಲಿ ಹೂವು ಕಟ್ಟುತ್ತಾ ಕೂತಿದ್ದ ಹೂವಿನ ಅಮ್ಮ ಮಾತ್ರ ಇದ್ದಾರೆ, ಬೆರಳಿದ್ದ ಕಡೆ ಮಂಜು ಮಂಜು.

1838ರಲ್ಲಿ ಫ್ರಾನ್ಸಿನ ಡಾಗೆರ್ ತೆಗೆದ ಪ್ಯಾರಿಸ್ ಬೀದಿಯ ಫೋಟೊದಲ್ಲೂ ಹೀಗೇ ಆಗಿತ್ತು. ಅಷ್ಟು ಜನ ಓಡಾಡುವ ಬೀದಿ ಖಾಲಿ ಕಾಣುತ್ತದೆ, ಆದರೆ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತಿದ್ದವನು ಉಳಿದಿದ್ದಾನೆ. ಡಾಗೆರ್ ಅವರ ಫೋಟೊ ತೆಗೆಯುವ ವಿಧಾನವನ್ನು 1839ರ ಆಗಸ್ಟ್ 19ರಂದು ಬಹಿರಂಗ ಮಾಡಿದ್ದಕ್ಕೇ ನಾವು ಈ ದಿನ ಆಚರಿಸೋದು. ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳನ್ನು ನಾನು ಮೊದಲಿನಿಂದ ಇಷ್ಟಪಡುತ್ತಿದ್ದೆ. ಸಾಮಾನ್ಯ ಜನರನ್ನು ಅವರು ಎಷ್ಟು ಪ್ರೀತಿಯಿಂದ ನೋಡಿದ್ದಾರೆ ಅನ್ನೋದು ಆ ಹೂವಿನ ಅಮ್ಮನ ಮಂಜು ಬೆರಳು ನೋಡಿದ ಮೇಲೆ ಇನ್ನೂ ಚೆನ್ನಾಗಿ ಅರ್ಥವಾಯಿತು.

ಹೈಸ್ಕೂಲ್ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ವರ್ಷಕ್ಕೆ ಒಂದು ದಿನ, ಒಂದೇ ಒಂದು ಕ್ಲಾಸ್‌ರೂಮನ್ನು ಕತ್ತಲು ಮಾಡಿ, ಕಿಟಕಿಯಲ್ಲಿ ಒಂದು ತೂತು ಬಿಟ್ಟು ಮಕ್ಕಳನ್ನು ಒಳಗೆ ಕೂರಿಸಿ. ಬೇಕಾಗೋದು ರಟ್ಟು, ಗಮ್‌ಟೇಪು ಅಷ್ಟೇ. ಮೊಬೈಲ್ ಇಲ್ಲದ ಮಗುವಿಗೂ ಆಟದ ಮೈದಾನ ಗೋಡೆ ಮೇಲೆ ಕಾಣುತ್ತದೆ.

2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ. ಸೂರ್ಯನನ್ನು ನೇರವಾಗಿ ಯಾರೂ ನೋಡಬಾರದು, ನೆಲದ ಮೇಲೆ ಬಿದ್ದ ಬೆಳಕನ್ನು ನೋಡಿದರೆ ಸಾಕು. ಮಳೆಗಾಲ, ಮೋಡ ಬಿಡಬೇಕು. ಅಜ್ಜಿ ಮನೆಯ ಹೆಂಚು ರಿಪೇರಿ ಮಾಡಿಸುತ್ತೇವೆ ಅಂತ ಮಾವ ಹೇಳುತ್ತಿದ್ದಾರೆ. ಆ ಒಂದು ಹೆಂಚನ್ನು ಮಾತ್ರ ಹಾಗೇ ಬಿಡಿ ಅಂತ ಕೇಳಿಕೊಂಡಿದ್ದೇನೆ.

– ಫೋಟೊಗ್ರಫಿ ವಿದ್ಯಾರ್ಥಿನಿ, ಮೈಸೂರು