ದುಡ್ಡು ಕೊಡುವ ನೆಮ್ಮದಿಯನ್ನು ಹೀಗಳೆಯಬೇಡಿ

ಸಂಪಾದಕರೇ,

‘ದುಡ್ಡಿನಿಂದ ಸುಖ ಸಿಗಲ್ಲ’ ಎಂಬ ಮಾತು ಪತ್ರಿಕೆಗಳ ಅಂಕಣಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಓದಿದಾಗಲೆಲ್ಲ ನನಗೊಂದು ಅನುಮಾನ. ಬರೆದವರಿಗೆ ತಿಂಗಳ ಕೊನೆಯ ವಾರ ಹೇಗಿರುತ್ತೆ ಅಂತ ಗೊತ್ತಿದೆಯೋ ಇಲ್ಲವೋ?

ನನಗೆ ಗೊತ್ತು. ಕೆಲವು ವರ್ಷಗಳ ಹಿಂದೆ ಸಾಲದ ಕಂತು ಕಟ್ಟುವ ದಿನ ಹತ್ತಿರ ಬಂತೆಂದರೆ ನಿದ್ದೆ ಹತ್ತುತ್ತಿರಲಿಲ್ಲ. ನಡುರಾತ್ರಿ ಎದ್ದು ಕೂತು, ಹಳೇ ಡೈರಿಯ ಕೊನೇ ಪುಟದಲ್ಲಿ ಅದೇ ಲೆಕ್ಕ ಮತ್ತೆ ಬರೆಯುತ್ತಿದ್ದೆ. ಮೇಲಿನಿಂದ ಕೂಡಿದರೂ ಕೆಳಗಿನಿಂದ ಕೂಡಿದರೂ ಮೊತ್ತ ಅದೇ. ಆದರೂ ಕೂಡುವುದು ಬಿಡುತ್ತಿರಲಿಲ್ಲ. ಮಗಳು ಏನೋ ಕೇಳಿದರೆ ‘ಹೂಂ’ ಅಂದುಬಿಡುತ್ತಿದ್ದೆ. ಏನು ಕೇಳಿದಳು ಅನ್ನುವುದು ಕಿವಿಗೇ ಬಿದ್ದಿರುತ್ತಿರಲಿಲ್ಲ. ಕೊನೆಯ ಕಂತು ತೀರಿದ ದಿನ ಸಂಭ್ರಮವೇನೂ ಮಾಡಲಿಲ್ಲ. ಸುಮ್ನೆ ಮಲಗಿದೆ. ಬೆಳಗಿನವರೆಗೆ ಎಚ್ಚರವಾಗಲಿಲ್ಲ. ಅದು ಸುಖವಲ್ಲದೆ ಇನ್ನೇನು?

ಇದು ನನ್ನೊಬ್ಬನ ಕಥೆಯಲ್ಲ. 2013ರಲ್ಲಿ ‘ಸೈನ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ ಅವರ ಬುದ್ಧಿಯ ಚುರುಕು ಅಳೆದರು. ಕಟಾವಾಗಿ ದುಡ್ಡು ಕೈಗೆ ಬಂದ ಮೇಲೆ ಇನ್ನೊಮ್ಮೆ ಅಳೆದರು. ಅದೇ ರೈತ, ಅದೇ ತಲೆ. ಆದರೆ ಎರಡನೇ ಸಲ ಚೆನ್ನಾಗಿ ಮಾಡಿದ. ದುಡ್ಡಿನ ಚಿಂತೆ ತಲೆಯಲ್ಲಿ ಅಷ್ಟು ಜಾಗ ಹಿಡಿದು ಕೂತಿರುತ್ತದೆ. ಕೈಯಲ್ಲಿ ಕಾಸಿಲ್ಲದವರನ್ನು ‘ಮಂಕು’ ಅಂತ ಜರಿಯುವವರು ಇದನ್ನೊಮ್ಮೆ ಓದಬೇಕು.

ಸರಿ, ಜಾಸ್ತಿ ಬಂದಷ್ಟೂ ಜಾಸ್ತಿ ಖುಷಿಯೇ? ಇಲ್ಲಿ ತಜ್ಞರೇ ಜಟಾಪಟಿಗೆ ಬಿದ್ದಿದ್ದರು. ಅರ್ಥಶಾಸ್ತ್ರದ ನೊಬೆಲ್ ಪಡೆದಿದ್ದ ಡೇನಿಯಲ್ ಕಾನೆಮನ್ ಮತ್ತು ಮುಂದೆ ಅದೇ ಪ್ರಶಸ್ತಿ ಪಡೆದ ಆಂಗಸ್ ಡೀಟನ್ 2010ರಲ್ಲಿ ಒಂದು ಗೆರೆ ಎಳೆದರು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯ ದಾಟಿದ ಮೇಲೆ ದಿನದಿನದ ಖುಷಿ ಹೆಚ್ಚುವುದಿಲ್ಲ ಅಂದರು. ಅಂಕಣಕಾರರಿಗೆ ಅಷ್ಟು ಸಾಕಾಯಿತು, ಇವತ್ತಿಗೂ ಅದನ್ನೇ ಹೇಳುತ್ತಾರೆ. ಆದರೆ 2021ರಲ್ಲಿ ಸಂಶೋಧಕ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ 33,391 ಜನರನ್ನು ‘ಈಗ ಹೇಗನ್ನಿಸುತ್ತಿದೆ?’ ಅಂತ ಫೋನಿನಲ್ಲಿ ಹೊತ್ತುಹೊತ್ತಿಗೆ ಕೇಳಿ, ಆ ಗೆರೆ ತನಗೆ ಕಾಣಲೇ ಇಲ್ಲ ಅಂದರು. ಆಮೇಲೆ ಕಾನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್, ಮನಶ್ಶಾಸ್ತ್ರಜ್ಞೆ ಬಾರ್ಬರಾ ಮೆಲ್ಲರ್ಸ್ ಅವರನ್ನು ಮಧ್ಯಸ್ಥಿಕೆಗೆ ಕರೆದು, ಒಟ್ಟಿಗೆ ಕೂತು ಲೆಕ್ಕ ನೋಡಿದರು. ವಾದ ಮಾಡಿದವರು ಹೀಗೆ ಕೂರುವುದು ಅಪರೂಪ, ಅಲ್ವಾ?

2023ರಲ್ಲಿ ಬಂದ ಉತ್ತರ ಇದು: ಬಹುತೇಕರಿಗೆ ಆದಾಯದ ಜೊತೆ ಖುಷಿಯೂ ಏರುತ್ತಲೇ ಹೋಗುತ್ತದೆ. ತೀರಾ ಬೇಸರದಲ್ಲಿರುವ ಶೇ 20ರಷ್ಟು ಜನರಿಗೆ ಮಾತ್ರ ಒಂದು ಹಂತದವರೆಗೆ ದುಡ್ಡು ನೋವು ತಗ್ಗಿಸುತ್ತದೆ, ಮುಂದೆ ಏನೂ ಮಾಡುವುದಿಲ್ಲ. ಹತ್ತಿರದವರನ್ನು ಕಳೆದುಕೊಂಡ ಸಂಕಟಕ್ಕೆ ಸಂಬಳ ಮದ್ದಲ್ಲ. ಇನ್ನೊಂದು ವಿಷಯ. ಖುಷಿ ಏರುವುದು ಆದಾಯ ಎಷ್ಟು ಪಟ್ಟು ಹೆಚ್ಚಾಯಿತು ಅನ್ನುವ ಲೆಕ್ಕದಲ್ಲಿ. ಸಣ್ಣ ಸಂಬಳ ದುಪ್ಪಟ್ಟಾದಾಗ ಎಷ್ಟು ಖುಷಿಯೋ, ದೊಡ್ಡ ಸಂಬಳದವನಿಗೆ ಅಷ್ಟೇ ಖುಷಿ ಸಿಗಬೇಕಾದರೆ ಅವನದೂ ದುಪ್ಪಟ್ಟಾಗಬೇಕು. ಇಲ್ಲದವನಿಗೆ ಸ್ವಲ್ಪದರಲ್ಲೇ ಸಿಗುವುದು ಇದ್ದವನಿಗೆ ರಾಶಿ ಸುರಿದರಷ್ಟೇ ಸಿಗುತ್ತದೆ.

ನನ್ನದೇ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಈಚೆಗೆ ಸಂಬಳ ಹೆಚ್ಚಾದಾಗ ಬ್ಯಾಂಕಿನ ಮೆಸೇಜನ್ನು ನಾಲ್ಕು ಸಲ ತೆಗೆದು ನೋಡಿದ್ದೆ. ಮೂರನೇ ತಿಂಗಳಿಗೆ ಮೆಸೇಜ್ ಬಂದದ್ದೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಪಕ್ಕದ ಕುರ್ಚಿಯವರಿಗೆ ನನಗಿಂತ ಜಾಸ್ತಿ ಕೊಟ್ಟಿದ್ದಾರೆ ಅಂತ ತಿಳಿಯಿತು. ಖಾತೆಯಲ್ಲಿದ್ದ ಹಣ ಇದ್ದ ಹಾಗೇ ಇತ್ತು, ಊಟ ಮಾತ್ರ ರುಚಿಸಲಿಲ್ಲ.

ಅಂಕಣಕಾರರು ಬುದ್ಧಿ ಹೇಳುವುದಿದ್ದರೆ ಈ ಹುಚ್ಚಿಗೆ ಹೇಳಲಿ, ತಲೆ ತಗ್ಗಿಸಿ ಕೇಳುತ್ತೇನೆ. ಕಂತಿನ ದಿನ ಎಣಿಸುತ್ತ ಡೈರಿ ಮುಂದೆ ಕೂತವನಿಗೆ ಅದೇ ಉಪದೇಶ ಮಾಡುವುದನ್ನು ದಯವಿಟ್ಟು ನಿಲ್ಲಿಸಲಿ.

ಇತಿ,
ನಿಮ್ಮ ಓದುಗ